ನೇಮ್, ಪ್ಲೇಸ್, ಅನಿಮಲ್, ಥಿಂಗ್: ಜಗಳವಿಲ್ಲದೆ ಆಡುವುದು ಹೇಗೆ?

ಮಕ್ಕಳ ಇಂಗ್ಲಿಷ್ ಸುಧಾರಿಸಲಿ ಅಂತ ದುಡ್ಡು ಕೊಟ್ಟು ಆ್ಯಪ್ ಹಾಕಿಸುವ ಮೊದಲು ಹಳೇ ನೋಟ್‌ಬುಕ್ಕಿನ ನಾಲ್ಕು ಹಾಳೆ ಹರಿದುಕೊಳ್ಳಿ. ಕೊನೇ ಬೆಂಚಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಆಡುತ್ತಿದ್ದ ಆಟವೇ ಸಾಕು. ಒಂದೇ ಅಕ್ಷರದಿಂದ ಶುರುವಾಗುವ ಒಂದು ಹೆಸರು, ಒಂದು ಊರು, ಒಂದು ಪ್ರಾಣಿ, ಒಂದು ವಸ್ತು ಬರೆಯಬೇಕು, ಅಷ್ಟೇ. ಆದರೆ ಆಟದಿಂದ ಏನಾದರೂ ಕಲಿಯಬೇಕು ಅಂದರೆ ಕೆಲವು ನಿಯಮಗಳನ್ನು ಬಿಗಿ ಮಾಡಿಕೊಳ್ಳಬೇಕು.

1. ಹಾಳೆ ಸಿದ್ಧ ಮಾಡಿ
ಉದ್ದಕ್ಕೆ ಗೆರೆ ಎಳೆದು ಐದು ಕಾಲಂ ಮಾಡಿ. ಕೊನೆಯದು ಟೋಟಲ್‌ಗೆ. ಹೆಸರು, ಊರು ದೊಡ್ಡ ಅಕ್ಷರದಿಂದ ಶುರುವಾಗಬೇಕು. ಪ್ರಾಣಿ, ವಸ್ತು ಚಿಕ್ಕ ಅಕ್ಷರದಲ್ಲಿ. ತಪ್ಪಿದರೆ ಒಂದು ಅಂಕ ಕಟ್. ವ್ಯಾಕರಣದ ಪಾಠ ಬೇರೆ ಬೇಡ.

2. ಅಕ್ಷರ ಆರಿಸಿ
ಒಬ್ಬರು 'ಎ' ಎಂದು ಜೋರಾಗಿ ಹೇಳಿ, ಮುಂದಿನದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋಗುತ್ತಾರೆ. ಇನ್ನೊಬ್ಬರು 'ಸ್ಟಾಪ್' ಅಂದಾಗ ಯಾವ ಅಕ್ಷರಕ್ಕೆ ಬಂದಿದ್ದಾರೋ ಅದು. ಇದರಲ್ಲಿ ಮೋಸಕ್ಕೆ ಜಾಗ ಜಾಸ್ತಿ. 26 ಚೀಟಿ ಬರೆದು ಡಬ್ಬಿಗೆ ಹಾಕುವುದೇ ಮೇಲು.

3. ಬರೆಯಿರಿ
ನಾಲ್ಕೂ ಕಾಲಂ ಮೊದಲು ತುಂಬಿಸಿದವರು 'ಸ್ಟಾಪ್' ಎಂದು ಕೂಗಬೇಕು. ಉಳಿದವರು ಅಲ್ಲಿಗೇ ಪೆನ್ ಕೆಳಗಿಡಬೇಕು.

4. ಅಂಕ ಹಾಕಿ
ಬೇರೆ ಯಾರೂ ಬರೆಯದ ಉತ್ತರಕ್ಕೆ 10, ಇಬ್ಬರೂ ಬರೆದಿದ್ದರೆ 5, ಖಾಲಿ ಬಿಟ್ಟರೆ ಸೊನ್ನೆ. ಆಟದ ಜೀವ ಇರುವುದೇ ಇಲ್ಲಿ. 'ಎಂ' ಬಂತು ಅಂದುಕೊಳ್ಳಿ. ಎಲ್ಲರ ಹಾಳೆಯಲ್ಲೂ ಮೈಸೂರು, ಮಂಕಿ. ಮಡಿಕೇರಿ, ಮಂಗೂಸ್ ಬರೆದ ಹುಡುಗಿಗೆ ಇಪ್ಪತ್ತು! ಮೊದಲು ಹೊಳೆದ ಪದ ಬಿಟ್ಟು ಎರಡನೆಯದನ್ನು ಹುಡುಕುವ ಅಭ್ಯಾಸ ತಾನಾಗಿ ಬರುತ್ತದೆ. ಪಕ್ಕದಲ್ಲಿ ಡಿಕ್ಷನರಿ ಇರಲಿ. ಆದರೆ ಅದನ್ನು ತೆರೆಯುವುದು ಅಂಕ ಹಾಕುವಾಗ ಮಾತ್ರ.

5. ತಕರಾರು ಬಗೆಹರಿಸಿ
ಎಣಿಸುವುದು ಅಕ್ಷರವನ್ನು, ಉಚ್ಚಾರವನ್ನಲ್ಲ. ಇದನ್ನು ಆಟಕ್ಕೆ ಮೊದಲೇ ಹೇಳಿಬಿಡಿ. ನೈಫ್ 'ಕೆ'ಗೆ ಸೇರುತ್ತದೆ, 'ಎನ್'ಗೆ ಅಲ್ಲ. ಫೋಟೊ, ಫಿಲಿಪ್ಪೀನ್ಸ್ ಎರಡೂ 'ಪಿ'. ಕೇಳಿದ್ದನ್ನೇ ಬರೆಯುವ ಕನ್ನಡದ ಮಕ್ಕಳು ಎಡವುವುದು ಇಲ್ಲೇ.

ನಮ್ಮ ಹೆಸರುಗಳ ಕಥೆ ಇನ್ನೂ ಮಜಾ. ದಾಂಡೇಲಿ, ಧಾರವಾಡ, ಡಾರ್ಜಿಲಿಂಗ್ ನಮಗೆ ಮೂರು ಅಕ್ಷರ, ಇಂಗ್ಲಿಷಿಗೆ ಒಂದೇ 'ಡಿ'. ಜ್ಞಾನೇಶ್ ಎನ್ನುವವನನ್ನು ಒಂದು ಮನೆಯಲ್ಲಿ 'ಜೆ' ಹಾಕಿ ಬರೆದರೆ ಇನ್ನೊಂದು ಮನೆಯಲ್ಲಿ 'ಜಿ'. ಗೊತ್ತಿರುವವರ ಹೆಸರಾದರೆ ಅವರ ಆಧಾರ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೆ ಎಂದು ತೀರ್ಮಾನಿಸಿ.

ಊರುಗಳಿಗೆ ಈಗಿನ ಅಧಿಕೃತ ಹೆಸರೇ ಲೆಕ್ಕ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹತ್ತು ಊರುಗಳ ಮೊದಲ ಅಕ್ಷರ ಹಾಗೇ ಉಳಿಯಿತು. ಬಿಜಾಪುರ ಮಾತ್ರ ವಿಜಯಪುರವಾಗಿ 'ಬಿ'ಯಿಂದ 'ವಿ'ಗೆ ಹಾರಿತು, ಗುಲ್ಬರ್ಗ ಕಲಬುರಗಿಯಾಗಿ 'ಜಿ'ಯಿಂದ 'ಕೆ'ಗೆ. ಅಜ್ಜ 'ಜಿ'ಗೆ ಗುಲ್ಬರ್ಗ ಬರೆದರೆ ಮೊಮ್ಮಕ್ಕಳು ಬಿಡುವುದಿಲ್ಲ. ಕೂರ್ಗ್ ಅಂತ 'ಸಿ'ಗೆ ಬರೆಯುವವರಿಗೂ ಇದೇ ಗತಿ, ಅದು ಕೊಡಗು, 'ಕೆ'. ಹಿರಿಯರಿಗೆ ಸ್ವಲ್ಪ ರಿಯಾಯಿತಿ ಕೊಡಬಹುದೇನೋ. ನಾನಂತೂ ಕೊಡುವುದಿಲ್ಲ.

6. ಕಷ್ಟದ ಅಕ್ಷರಕ್ಕೆ ಮೊದಲೇ ತಯಾರಾಗಿ
'ಕ್ಯೂ', 'ಎಕ್ಸ್', 'ಝಡ್' ಬಂದಾಗ ಕೆಲವರು ಚೀಟಿಯನ್ನು ವಾಪಸ್ ಡಬ್ಬಿಗೆ ಹಾಕುತ್ತಾರೆ. ಹಾಕಬೇಡಿ, ಪಂದ್ಯ ತಿರುಗುವುದೇ ಇವುಗಳಲ್ಲಿ.

'ಕ್ಯೂ'ಗೆ ಕ್ವೆಂಟಿನ್, ಕತಾರ್, ಕ್ವೇಲ್ ಹಕ್ಕಿ, ಕ್ವಿಲ್ಟ್. 'ಕ್ಯೂ'ನಿಂದ ಶುರುವಾಗುವ ದೇಶ ಕತಾರ್ ಒಂದೇ, ಹಾಗಾಗಿ ಎಲ್ಲರೂ ಅದನ್ನೇ ಬರೆಯುತ್ತಾರೆ. ನೀವು ಈಕ್ವೆಡಾರ್‌ನ ರಾಜಧಾನಿ ಕೀಟೊ ಬರೆದು 10 ಹೊಡೆಯಿರಿ. 'ಎಕ್ಸ್' ಅಕ್ಷರದಿಂದ ಶುರುವಾಗುವ ದೇಶವೇ ಇಲ್ಲ. ಚೀನಾದ ಶಿಯಾನ್ ನಗರ ಆದೀತು. ಹೆಸರಿಗೆ ಕ್ಸೇವಿಯರ್, ವಸ್ತುವಿಗೆ ಝೈಲೊಫೋನ್, ಪ್ರಾಣಿಗೆ ಆಫ್ರಿಕಾದ ನೆಲದ ಅಳಿಲು ಝೀರಸ್. 'ಯು'ಗೆ ಊರು ಸುಲಭ, ಉಡುಪಿ ಇದೆಯಲ್ಲ. ಪ್ರಾಣಿಗೇ ಪರದಾಟ. ಲಡಾಖ್‌ನಲ್ಲಿರುವ ಕಾಡುಕುರಿ ಯೂರಿಯಲ್ ನೆನಪಿಟ್ಟುಕೊಳ್ಳಿ.

'ಝಡ್' ಬಂದರೆ ಎಲ್ಲರದೂ ಝೀಬ್ರಾ. ನೀವು ಝೀಬು ಬರೆಯಿರಿ. ಅಂಥ ಪ್ರಾಣಿಯೇ ಇಲ್ಲ ಅಂತ ವಾದ ಬಂದರೆ ಹೆದರಬೇಡಿ. ಹೆಗಲ ಮೇಲೆ ಡುಬ್ಬ ಇರುವ ನಮ್ಮ ನಾಟಿ ದನ, ಹಳ್ಳಿಕಾರ್, ಅಮೃತಮಹಲ್ ಎಲ್ಲ ಝೀಬುಗಳೇ. ಡಿಕ್ಷನರಿ ತೆಗೆದು ತೋರಿಸಿ, 10 ಅಂಕ ಬರೆದುಕೊಳ್ಳಿ.