ಫೈಲ್ ಸರ್ವರ್ ವಿಎಂಗೆ ಸ್ಟೋರೇಜ್ ಜೋಡಿಸಿದ ಬಗೆ

ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವಿಎಂ, ಅಂದರೆ ವರ್ಚುವಲ್ ಯಂತ್ರ, ನಡೆಸುವ ವ್ಯವಸ್ಥೆ) ಹೋಸ್ಟ್, ಅದರ ಮೇಲೆ ಡೆಬಿಯನ್ ಲಿನಕ್ಸ್ ವಿಎಂ, ಅದರೊಳಗೆ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಸಾಂಬಾ, ಎಲ್ಲಕ್ಕೂ ಕೆಳಗೆ ಹಲವು ಡಿಸ್ಕ್‌ಗಳನ್ನು ಒಂದೇ ಪೂಲ್ ಆಗಿ ಸೇರಿಸುವ ಫೈಲ್‌ಸಿಸ್ಟಮ್ ಝಡ್‌ಎಫ್‌ಎಸ್. ಡೇಟಾಕ್ಕೆ 4 ಟಿಬಿಯ ಆರು ಹಾರ್ಡ್ ಡಿಸ್ಕ್. ಹೋಸ್ಟ್‌ಗೂ ವಿಎಂನ ಓಎಸ್‌ಗೂ ಒಂದರ ನಕಲು ಇನ್ನೊಂದರಲ್ಲಿರುವಂತೆ ಮಿರರ್ ಮಾಡಿದ ಎರಡು ಎಸ್‌ಎಸ್‌ಡಿ. ಇದರಲ್ಲಿ ಬಹುಪಾಲು ಸೆಟ್ಟಿಂಗ್‌ಗಳನ್ನು ಯಾವಾಗ ಬೇಕಾದರೂ ತಿದ್ದಬಹುದು. ಡಿಸ್ಕ್‌ನ ಜಾತಿ, ಪೂಲ್‌ನ ವಿನ್ಯಾಸ, ಬ್ಲಾಕ್‌ನ ಅಳತೆ ಮಾತ್ರ ಹಾಗಲ್ಲ. ಡೇಟಾ ತುಂಬಿದ ಮೇಲೆ ಅವನ್ನು ತಿದ್ದಬೇಕೆಂದರೆ ಎಲ್ಲವನ್ನೂ ಬೇರೆಡೆಗೆ ಸಾಗಿಸಿ ವಾಪಸ್ ತರಬೇಕು. ನನ್ನ ಸಮಯ ಹೆಚ್ಚು ಹೋದದ್ದು ಆ ಮೂರರ ಮೇಲೇ.

ಡಿಸ್ಕ್ ಕೊಳ್ಳುವಾಗ ಮಾಡೆಲ್ ನಂಬರಿನ ಡೇಟಾಶೀಟ್ ತೆಗೆದು ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಬಾರದ ಬಗೆ) ಎಂದಿದೆಯೇ ನೋಡಿಕೊಂಡೆ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಟ್ರ್ಯಾಕ್‌ಗಳು ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ತಿದ್ದಿದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ದಿನಬಳಕೆಯಲ್ಲಿ ಇದು ಗೊತ್ತೇ ಆಗದಿರಬಹುದು. ಕೆಟ್ಟ ಡಿಸ್ಕ್ ಬದಲಿಸಿ ರೀಸಿಲ್ವರ್ (ಹೊಸ ಡಿಸ್ಕ್‌ಗೆ ಡೇಟಾ ಮರಳಿ ತುಂಬುವುದು) ಶುರುವಾದಾಗ ಕೆಲಸ ದಿನಗಟ್ಟಲೆ ಎಳೆಯುತ್ತದೆ, ಉತ್ತರ ಕೊಡಲು ತಡವಾಯಿತೆಂದು ಹೊಸ ಡಿಸ್ಕೇ ಪೂಲ್‌ನಿಂದ ಬೀಳಲೂಬಹುದು.

ಪೂಲ್ ಕಟ್ಟುವ ಮೊದಲು ಪ್ರತಿ ಡಿಸ್ಕ್‌ಗೂ ಬ್ಯಾಡ್‌ಬ್ಲಾಕ್ಸ್ ಎಂಬ ಕಮಾಂಡ್‌ನ ಅಳಿಸಿ-ಬರೆಯುವ ಪರೀಕ್ಷೆ. ನಾಲ್ಕು ಮಾದರಿ, ಪ್ರತಿಯೊಂದನ್ನೂ ಬರೆದು ಓದುವುದರಿಂದ ಒಟ್ಟು ಎಂಟು ಸುತ್ತು. ಸೆಕೆಂಡಿಗೆ 150 ಎಂಬಿ ಎಂದರೂ ಸುಮಾರು 60 ಗಂಟೆ. ಆರನ್ನೂ ಒಟ್ಟಿಗೇ ಓಡಿಸಬಹುದು. ಮುಗಿದ ಮೇಲೆ ಸ್ಮಾರ್ಟ್‌ನಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ವರದಿ) 5 ಮತ್ತು 197ನೇ ಸಾಲುಗಳು, ಅಂದರೆ ಬದಲಿಸಿದ ಮತ್ತು ಬದಲಿಗೆ ಕಾದಿರುವ ಕೆಟ್ಟ ಸೆಕ್ಟರ್‌ಗಳ ಎಣಿಕೆ, ಸೊನ್ನೆಯಲ್ಲಿರಬೇಕು, ಇಲ್ಲವಾದರೆ ಡಿಸ್ಕ್ ವಾಪಸ್. 199 (ಕೇಬಲ್‌ನಲ್ಲಿ ಸಾಗುವಾಗಿನ ದೋಷಗಳ ಎಣಿಕೆ) ಏರುತ್ತಿದ್ದರೆ ಡಿಸ್ಕ್ ಬೈಯುವ ಮುಂಚೆ ಕೇಬಲ್ ಬದಲಿಸಿ.

ಡಿಸ್ಕ್‌ಗಳನ್ನು ಜೋಡಿಸುವ ಕಂಟ್ರೋಲರ್ ಕಾರ್ಡ್ (ಎಚ್‌ಬಿಎ) ಐಟಿ ಮೋಡ್ (ಡಿಸ್ಕ್‌ಗಳನ್ನು ಇದ್ದಂತೆ ತೋರಿಸುವ) ಫರ್ಮ್‌ವೇರ್ ಹಾಕಿದ ಎಲ್‌ಎಸ್‌ಐ 9211-8ಐ. ಡಿಸ್ಕ್‌ಗಳನ್ನು ತಾನೇ ಒಂದಾಗಿಸುವ ರೇಡ್ ಕಾರ್ಡ್ ಮೇಲೆ ಝಡ್‌ಎಫ್‌ಎಸ್ ಕೂರಿಸಬಾರದು. ಕಾರ್ಡ್ ಡಿಸ್ಕ್‌ಗಳನ್ನು ಮರೆಮಾಡುತ್ತದೆ, ಬರೆದಾಯಿತೆಂದು ತನ್ನ ಕ್ಯಾಶ್‌ನಿಂದಲೇ ಹೇಳಿಬಿಡುತ್ತದೆ. ಈ ಎಚ್‌ಬಿಎಗಳು ರ‍್ಯಾಕ್ ಸರ್ವರಿನ ಗಾಳಿಗೆಂದು ಮಾಡಿದವು. ಟವರ್ ಕ್ಯಾಬಿನೆಟ್‌ನಲ್ಲಿಟ್ಟರೆ ಹೀಟ್‌ಸಿಂಕ್ ಕೈಸುಡುವಷ್ಟು ಬಿಸಿಯಾಗಿ, ಹಲವು ಡಿಸ್ಕ್‌ಗಳಲ್ಲಿ ಒಟ್ಟಿಗೇ ಚೆಕ್‌ಸಮ್ ದೋಷ (ಓದಿದ್ದು ಬರೆದದ್ದಕ್ಕೆ ಹೊಂದದಿರುವುದು) ಕಾಣಿಸತೊಡಗುತ್ತದೆ. ಅದರ ಮೇಲೊಂದು ಚಿಕ್ಕ ಫ್ಯಾನ್ ಕಟ್ಟಿದ್ದೇನೆ.

ಎಚ್‌ಬಿಎಯನ್ನೇ ವಿಎಂಗೆ ಪಾಸ್‌ಥ್ರೂ ಮಾಡಿ, ಅಂದರೆ ನೇರವಾಗಿ ಅದರ ಕೈಗೇ ಕೊಟ್ಟು, ಝಡ್‌ಎಫ್‌ಎಸ್ಸನ್ನು ಒಳಗೇ ನಡೆಸುವವರಿದ್ದಾರೆ. ತಪ್ಪೇನಿಲ್ಲ. ಆದರೆ ಆಗ ಪೂಲ್ ಬೇರೆ ವಿಎಂಗಳಿಗೆ ನೇರವಾಗಿ ಸಿಗುವುದಿಲ್ಲ, ಲೈವ್ ಮೈಗ್ರೇಶನ್ (ಓಡುತ್ತಿರುವ ವಿಎಂ ಅನ್ನು ಬೇರೆ ಹೋಸ್ಟ್‌ಗೆ ಸಾಗಿಸುವುದು) ಆಗದು, ವಿಎಂಗೆ ಕೊಟ್ಟ ರ‍್ಯಾಮ್ ಪೂರ್ತಿ ಕಟ್ಟಿಬೀಳುತ್ತದೆ. ನನಗೆ ಪೂಲ್ ಹೋಸ್ಟ್‌ನಲ್ಲೇ ಬೇಕಿತ್ತು. ವಿಎಂಗೆ ಕೊಟ್ಟದ್ದು ಝಡ್‌ವಾಲ್, ಅಂದರೆ ಪೂಲ್‌ನಿಂದ ತೆಗೆದು ಡಿಸ್ಕ್‌ನಂತೆ ತೋರಿಸುವ ಭಾಗ.

ಆರು ಡಿಸ್ಕ್‌ಗೆ ರೇಡ್-ಝಡ್2 (ಯಾವ ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ), ಆಶಿಫ್ಟ್ 12 (ಸೆಕ್ಟರ್‌ನ ಅಳತೆ ಹೇಳುವ ಸೆಟ್ಟಿಂಗ್), ಎಲ್‌ಝಡ್4 ಕಂಪ್ರೆಶನ್. ಡಿಸ್ಕ್‌ಗಳನ್ನು ಐಡಿ ಹೆಸರಿನಿಂದಲೇ ಸೇರಿಸಿದೆ, ಕೆಟ್ಟಾಗ ಸೀರಿಯಲ್ ನಂಬರ್ ನೋಡಿ ಎಳೆಯಬಹುದು. ರೇಡ್-ಝಡ್2 ಗುಂಪು ಚಿಲ್ಲರೆ ಓದು-ಬರಹದಲ್ಲಿ ಹೆಚ್ಚುಕಡಿಮೆ ಒಂದೇ ಡಿಸ್ಕ್‌ನಷ್ಟು ನಿಧಾನ. ದೊಡ್ಡ ಫೈಲ್‌ಗಳಿಗೆ ಅದು ತೊಂದರೆಯಲ್ಲ, ಗಿಗಾಬಿಟ್ ನೆಟ್‌ವರ್ಕ್ ಸೆಕೆಂಡಿಗೆ ಸುಮಾರು 110 ಎಂಬಿಗೇ ನಿಲ್ಲುತ್ತದೆ. ಡೇಟಾಬೇಸ್ ಇಡುವುದಾದರೆ ಮೂರು ಜೊತೆ ಮಿರರ್ ಮಾಡಿ, 16 ಟಿಬಿ ಬದಲು 12ಕ್ಕೆ ಒಪ್ಪಿಕೊಳ್ಳುತ್ತಿದ್ದೆ.

ಇನ್ನು ಹೆಚ್ಚು ಜನ ಎಡವುವ ಜಾಗ: ಝಡ್‌ವಾಲ್‌ನ ಬ್ಲಾಕ್ ಅಳತೆ. ಹಳೆಯ ಡೀಫಾಲ್ಟ್ 8ಕೆ. ಆಶಿಫ್ಟ್ 12 ಎಂದರೆ ಸೆಕ್ಟರ್ 4ಕೆ. 8ಕೆ ಬ್ಲಾಕ್‌ಗೆ ಎರಡು ಡೇಟಾ ಸೆಕ್ಟರ್, ಮೇಲೆ ಎರಡು ಪ್ಯಾರಿಟಿ (ಕೆಟ್ಟ ಡಿಸ್ಕ್‌ನ ಡೇಟಾ ಮರಳಿ ಲೆಕ್ಕಹಾಕಲು ಬೇಕಾದದ್ದು), ಒಟ್ಟು ನಾಲ್ಕು. ರೇಡ್-ಝಡ್2 ಮೂರರ ಗುಣಕದಲ್ಲೇ ಜಾಗ ಹಿಡಿಯುವುದರಿಂದ ನಾಲ್ಕು ಆರಾಗುತ್ತದೆ. 8ಕೆ ಡೇಟಾಕ್ಕೆ 24ಕೆ ಡಿಸ್ಕ್! 16ಕೆ ಬ್ಲಾಕ್ ಆದರೆ ನಾಲ್ಕು ಡೇಟಾ, ಎರಡು ಪ್ಯಾರಿಟಿ, ಸರಿಯಾಗಿ ಆರು. ಅದೇ 24ಕೆಯಲ್ಲಿ ಎರಡು ಪಟ್ಟು ಡೇಟಾ. ವಿಎಂ ಒಳಗೆ 1 ಟಿಬಿ ಬರೆದಿದ್ದು ಪೂಲ್‌ನಲ್ಲಿ 2 ಟಿಬಿ ಎಂದು ಕಾಣಿಸಿದರೆ ಕಾರಣ ಇದೇ, ಕಂಪ್ರೆಶನ್ ಅಲ್ಪಸ್ವಲ್ಪ ಮುಚ್ಚಿಹಾಕಬಹುದು. ಈ ಅಳತೆ ಝಡ್‌ವಾಲ್ ಹುಟ್ಟುವಾಗಲೇ ನಿಗದಿ. ಪ್ರಾಕ್ಸ್‌ಮಾಕ್ಸ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ 16ಕೆ ಎಂದು ಬದಲಿಸಿದರೂ ಅನ್ವಯಿಸುವುದು ಹೊಸ ಡಿಸ್ಕ್‌ಗಳಿಗೆ ಮಾತ್ರ. ಹಳೆಯದನ್ನು ಬೇರೆ ಸ್ಟೋರೇಜ್‌ಗೆ ಸರಿಸಿ ಮರಳಿ ತರಬೇಕು.

ವಿಎಂಗೆ ಓಎಸ್ ಡಿಸ್ಕ್ 32 ಜಿಬಿ, ಡೇಟಾ ಡಿಸ್ಕ್ ಬೇರೆ, 8 ಟಿಬಿ, ಥಿನ್ (ಬರೆದಷ್ಟೇ ಜಾಗ ಹಿಡಿಯುವಂಥದ್ದು). ಅವುಗಳ ಸೆಟ್ಟಿಂಗ್: ವರ್ಟ್‌ಐಓ ಸ್ಕಸಿ ಸಿಂಗಲ್, ಐಓ ಥ್ರೆಡ್ ಆನ್, ಡಿಸ್ಕಾರ್ಡ್ (ಅಳಿಸಿದ ಜಾಗವನ್ನು ಪೂಲ್‌ಗೆ ಮರಳಿಸುವುದು) ಆನ್, ಕ್ಯಾಶ್ 'ನನ್', ಅಂದರೆ ಇಲ್ಲ. ಕ್ಯಾಶ್‌ಗೆ ರೈಟ್‌ಬ್ಯಾಕ್ (ಮೊದಲು ರ‍್ಯಾಮ್‌ಗೆ ಬರೆಯುವುದು) ಹಾಕಿದರೆ ಟೆಸ್ಟ್‌ನಲ್ಲಿ ಬರುವ ಅಂಕಿ ಹೋಸ್ಟ್‌ನ ರ‍್ಯಾಮ್‌ನದ್ದು. ಸೊನ್ನೆಗಳನ್ನು ಬರೆದು ವೇಗ ಅಳೆಯುವುದೂ ಅಷ್ಟೇ ಮೋಸ, ಎಲ್‌ಝಡ್4 ಅವನ್ನು ನುಂಗಿಹಾಕುತ್ತದೆ. ಫಿಯೋ ಎಂಬ ವೇಗ ಅಳೆಯುವ ಸಾಧನದಿಂದ ಯಾದೃಚ್ಛಿಕ ಡೇಟಾ ಬರೆಸಿ ನೋಡಿ. ವಿಎಂನೊಳಗೆ ಪಾರ್ಟಿಷನ್ ಮಾಡದೆ ಇಡೀ ಡಿಸ್ಕ್‌ಗೆ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್. ಹೋಸ್ಟ್‌ನಲ್ಲಿ ಡಿಸ್ಕ್ ಹಿಗ್ಗಿಸಿದ ಮೇಲೆ ಒಳಗೆ ಒಂದೇ ಕಮಾಂಡ್. ಎಕ್ಸ್‌ಎಫ್‌ಎಸ್ಸನ್ನು ಹೀಗೆ ಕುಗ್ಗಿಸಲಾಗದು, ಆದ್ದರಿಂದಲೇ ಚಿಕ್ಕದರಿಂದ ಶುರು. ಝಡ್‌ವಾಲ್ ಮೇಲೆ ಮತ್ತೆ ಬಿಟಿಆರ್‌ಎಫ್‌ಎಸ್ (ಇನ್ನೊಂದು ಫೈಲ್‌ಸಿಸ್ಟಮ್) ಹಾಕುವುದು ಎರಡೆರಡು ಸಲ ಕಾಪಿ-ಆನ್-ರೈಟ್ (ತಿದ್ದಿದ್ದನ್ನು ಹೊಸ ಜಾಗದಲ್ಲಿ ಬರೆಯುವುದು), ವೃಥಾ ಸವೆತ.

ಡಿಸ್ಕಾರ್ಡ್ ಆನ್ ಮಾಡಿದರೂ ವಿಎಂನಲ್ಲಿ ವಾರಕ್ಕೊಮ್ಮೆ ಟ್ರಿಮ್ (ಅಳಿಸಿದ ಜಾಗ ಯಾವುದೆಂದು ಡಿಸ್ಕ್‌ಗೆ ತಿಳಿಸುವುದು) ಓಡದಿದ್ದರೆ, ಅಳಿಸಿದ ಜಾಗ ಪೂಲ್‌ಗೆ ವಾಪಸ್ ಬರುವುದೇ ಇಲ್ಲ. ಹಳೆಯ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಡೇಟಾವನ್ನು ಹಾಗೇ ಉಳಿಸಿದ್ದು) ಹಿಡಿದುಕೊಂಡ ಜಾಗ ಟ್ರಿಮ್‌ನಿಂದಲೂ ಬರದು. ಥಿನ್ ಪೂಲ್ ತುಂಬಿದರೆ ವಿಎಂ ಐಓ ದೋಷವೆಂದು ನಿಂತಲ್ಲೇ ನಿಲ್ಲುತ್ತದೆ, ಒಳಗೆ ನೋಡಿದರೆ ಜಾಗ ಬೇಕಾದಷ್ಟಿರುತ್ತದೆ. ಇದಕ್ಕೆಂದು 200 ಜಿಬಿ ಕಾದಿರಿಸಿದ ಒಂದು ಖಾಲಿ ಡೇಟಾಸೆಟ್ (ಪೂಲ್‌ನ ವಿಭಾಗ) ಇಟ್ಟಿದ್ದೇನೆ. ಆಪತ್ತಿನಲ್ಲಿ ಕಾದಿರಿಸಿದ್ದನ್ನು ಬಿಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಪೂಲ್ 80 ಶೇಕಡಾ ದಾಟಿದರೆ ಮೇಲ್ ಬರುವಂತೆಯೂ ಮಾಡಿದೆ.

ಡೇಟಾ ಡಿಸ್ಕ್ ಮೌಂಟ್ ಆಗದೇ (ತನ್ನ ಫೋಲ್ಡರ್‌ಗೆ ಸೇರದೇ) ಹೋದ ದಿನ ಸಾಂಬಾ ಏನೂ ಗೊತ್ತಿಲ್ಲದಂತೆ ಖಾಲಿ ಫೋಲ್ಡರ್‌ಗೆ, ಅಂದರೆ 32 ಜಿಬಿಯ ಓಎಸ್ ಡಿಸ್ಕ್‌ಗೆ ಬರೆಯುತ್ತಾ ಹೋಗುತ್ತದೆ. ಮೌಂಟ್ ಮಾಡುವ ಮೊದಲು ಆ ಖಾಲಿ ಫೋಲ್ಡರ್‌ಗೆ ಬದಲಿಸಲಾಗದ ಗುರುತು, ಚಾಟ್‌ಟರ್ ಕಮಾಂಡ್‌ನ ಪ್ಲಸ್ ಐ, ಹಾಕಿಬಿಟ್ಟರೆ ರೂಟ್‌ಗೂ ಅಲ್ಲಿ ಬರೆಯಲಾಗದು.

ವಿಎಂ ಬ್ಯಾಕಪ್‌ನಿಂದ ಡೇಟಾ ಡಿಸ್ಕ್ ಹೊರಗೆ. ಅದರ ಸ್ನ್ಯಾಪ್‌ಶಾಟ್‌ಗಳು ಝಡ್‌ಎಫ್‌ಎಸ್ ಸೆಂಡ್ ಮೂಲಕ ಇನ್ನೊಂದು ಯಂತ್ರಕ್ಕೆ ಹೋಗುತ್ತವೆ. ಡೇಟಾ ಡಿಸ್ಕ್‌ನ ಬ್ಯಾಕಪ್ ಟಿಕ್ ತೆಗೆದು ಈ ಎರಡನೇ ಕೆಲಸ ಮರೆತರೆ ಬ್ಯಾಕಪ್ ದಿನಾ ಯಶಸ್ವಿ ಎನ್ನುತ್ತಿರುತ್ತದೆ, ಡೇಟಾ ಮಾತ್ರ ಅದರಲ್ಲಿರುವುದಿಲ್ಲ. ಒಂದೇ ಫೈಲ್ ವಾಪಸ್ ಬೇಕಾದಾಗ ಸ್ನ್ಯಾಪ್‌ಶಾಟ್‌ನಿಂದ ಕ್ಲೋನ್ ಮಾಡಿ ಅದೇ ವಿಎಂಗೆ ಜೋಡಿಸುತ್ತೇನೆ. ಎಕ್ಸ್‌ಎಫ್‌ಎಸ್ ಅದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ, ಎರಡರ ಯುಯುಐಡಿಯೂ (ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆ) ಒಂದೇ. 'ನೋ ಯುಯುಐಡಿ' ಆಯ್ಕೆ ಕೊಟ್ಟು ರೀಡ್-ಓನ್ಲಿ ಆಗಿ ತೆರೆಯಬೇಕು. ಫೈಲ್ ನಕಲಿಸಿದ ಕೂಡಲೇ ಕ್ಲೋನ್ ಕಳಚಿ. ಅದು ಜೋಡಣೆಯಲ್ಲಿರುವಾಗಲೇ ವಿಎಂ ರೀಬೂಟ್ ಆದರೆ, ಎಫ್‌ಸ್ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಏನು ಮೌಂಟ್ ಆಗಬೇಕೆಂಬ ಪಟ್ಟಿ) ಯುಯುಐಡಿ ಬರೆದಿರುವ ಕಾರಣ, ಹಳೆಯ ಕ್ಲೋನೇ ಮುಖ್ಯ ಡೇಟಾದ ಜಾಗದಲ್ಲಿ ಕೂತುಬಿಡಬಹುದು.