ಗರಗಸ ನೆಟ್ಟಗೆ ಮಲಗುವಂಥ ಪೆಟ್ಟಿಗೆ: ಕೈ ಹತ್ಯಾರಗಳಿಂದಲೇ ಕಟ್ಟುವ ಬಗೆ

ನನ್ನ ಮೊದಲ ಹತ್ಯಾರದ ಪೆಟ್ಟಿಗೆಯಲ್ಲಿ ಕೈಗರಗಸ ಆರು ವರ್ಷ ಓರೆಯಾಗಿ ಮಲಗಿತ್ತು. ಪೆಟ್ಟಿಗೆಯ ಉದ್ದ 800 ಮಿಲಿಮೀಟರ್, ಗರಗಸ ಹಿಡಿಯೂ ಸೇರಿ 780. ಸಾಕಷ್ಟಾಯಿತು ಎಂದುಕೊಂಡಿದ್ದೆ. ನಾನು ಲೆಕ್ಕ ಹಾಕಿದ್ದು ಹೊರಗಿನ ಉದ್ದವನ್ನು. ಎರಡು ಬದಿಯ ಹಲಗೆಗಳು ತಲಾ 20 ಮಿಲಿಮೀಟರ್ ನುಂಗುತ್ತವೆ ಎಂಬುದು ಹೊಳೆದದ್ದು ಅಂಟು ಒಣಗಿದ ಮೇಲೆ. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು, ಮಿಲಿಮೀಟರಿನ ನೂರನೇ ಒಂದು ಭಾಗಕ್ಕಾಗಿ ತಪಾಸಣೆಯವರೊಂದಿಗೆ ಜಗಳವಾಡಿದ ಮನುಷ್ಯ ನಾನು. ಮನೆಯಲ್ಲಿ ಈ ಕತೆ ಇನ್ನೂ ಹಳತಾಗಿಲ್ಲ.

ಎರಡನೆಯ ಪೆಟ್ಟಿಗೆಯನ್ನು ಹನ್ನೊಂದು ಭಾನುವಾರಗಳಲ್ಲಿ ಮುಗಿಸಿದೆ. ಅದರ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ವಿದ್ಯುತ್ ಯಂತ್ರ ಒಂದೂ ಬೇಡ. ಕೈಗರಗಸ, ಬೆನ್ನಿಗೆ ಲೋಹದ ಪಟ್ಟಿ ಇರುವ ಸಣ್ಣ ಗರಗಸ, ಮರದ ಮೈ ಹೆರೆದು ಮಟ್ಟ ಮಾಡುವ ಒಂದು ಉದ್ದ ಹತ್ತರಿ, ಒಂದು ಗಿಡ್ಡ ಹತ್ತರಿ, ತೋಡು ಹೊಡೆಯುವ ಹತ್ತರಿ, ಮೂರು ನಾಲ್ಕು ಉಳಿ, ಕೊಡತಿ, ಸುತ್ತಿಗೆ, ಮೂಲೆಮಟ್ಟ, ಹಲಗೆಯ ಅಂಚಿಗೆ ಸಮನಾಗಿ ಗೆರೆ ಕೊರೆಯುವ ಮಾರ್ಕಿಂಗ್ ಗೇಜ್, ಕೈ ಬೈರಿಗೆ, ಗುರುತು ಹಾಕಲು ಚೂರಿ. ಇವುಗಳಿಗಿಂತ ಮೊದಲು ಬೇಕಾದದ್ದು ಸಾಣೆಕಲ್ಲು. ಉಳಿಯ ಇಳಿಜಾರನ್ನು 25 ಡಿಗ್ರಿಗೆ ಉಜ್ಜಿ, ತುದಿಯಲ್ಲಿ ಮಾತ್ರ 30 ಡಿಗ್ರಿಯ ಸಣ್ಣ ಅಂಚು ಕೊಡಿ. ಹರಿತವಾಗಿದೆಯೇ ಎಂದು ಉಗುರಿನ ಮೇಲೆ ನೋಡುವ ಅಭ್ಯಾಸ ನನಗಿಲ್ಲ. ಮೆತು ಮರದ ತುಂಡಿನ ಕೊನೆಯ ಮುಖವನ್ನು, ಅಂದರೆ ನಾರು ಅಡ್ಡ ಕಡಿದು ಕಾಣುವ ಮುಖವನ್ನು ಕೆತ್ತಿ ನೋಡುತ್ತೇನೆ. ಹೊಳಪಿನ ಮುಖ ಬಂದರೆ ಸರಿ, ಪುಡಿ ಉದುರಿದರೆ ಮತ್ತೆ ಕಲ್ಲಿಗೆ.

ಅಳತೆಯನ್ನು ಟೇಪಿನಿಂದಲ್ಲ, ನೆಲದಿಂದ ಶುರು ಮಾಡಿ. ಇರುವ ಹತ್ಯಾರಗಳನ್ನೆಲ್ಲ ನೆಲದ ಮೇಲೆ ಹರಡಿ, ಪೆಟ್ಟಿಗೆಯೊಳಗೆ ಹೇಗಿರಬೇಕೋ ಹಾಗೆಯೇ ಜೋಡಿಸಿ. ಗರಗಸ ಹಲ್ಲಿನ ಮೇಲೆ ನಿಲ್ಲಬೇಕು, ಹತ್ತರಿಗಳು ತಳದಲ್ಲಿ ಕೂರಬೇಕು, ಕೈ ಹೋಗಲು ಜಾಗ ಬೇಕು. ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರೆ ಅದೇ ನಿಮ್ಮ ಪೆಟ್ಟಿಗೆಯ ಒಳಗಿನ ಅಳತೆ. ನನಗೆ ಬಂದದ್ದು ಉದ್ದ 840, ಅಗಲ 420, ಎತ್ತರ 400. ಹಲಗೆಯ ದಪ್ಪ 20 ಇರುವುದರಿಂದ ಹೊರಗೆ 880 ಮತ್ತು 460. ಮರ ಪೈನ್‌ನಂಥ ಹಗುರವಾದದ್ದಿರಲಿ. ಗಟ್ಟಿ ಮರದಲ್ಲಿ ಕಟ್ಟಿದರೆ ನೋಡಲು ಚೆಂದ, ಆದರೆ ಹತ್ಯಾರ ತುಂಬಿದ ಮೇಲೆ ಎತ್ತಲು ನಾಲ್ಕು ಜನ ಬೇಕು. ಗಂಟುಗಳಿರುವ ಹಲಗೆ ಬಂದರೆ ಚಿಂತೆಯಿಲ್ಲ, ಗಂಟು ಮೂಲೆಗೆ ಬರದಂತೆ ಕತ್ತರಿಸಿಕೊಳ್ಳಿ. ಮೂಲೆಯಲ್ಲಿ ಉಳಿಗೆ ಕೆಲಸವಿದೆ.

ಹಲಗೆಗಳನ್ನು ಬೇಕಾದ್ದಕ್ಕಿಂತ 25 ಮಿಲಿಮೀಟರ್ ಉದ್ದವಾಗಿಯೇ ಕತ್ತರಿಸಿ. ಆಮೇಲೆ ಒಂದು ಮುಖವನ್ನು ಮಟ್ಟ ಮಾಡಬೇಕು. ಹಲಗೆ ತಿರುಚಿಕೊಂಡಿದೆಯೇ ಎಂದು ತಿಳಿಯಲು ಒಂದೇ ಅಗಲದ ಎರಡು ನೇರ ಪಟ್ಟಿಗಳನ್ನು ಎರಡು ತುದಿಗಳ ಮೇಲೆ ಅಡ್ಡಡ್ಡ ನಿಲ್ಲಿಸಿ, ಬಗ್ಗಿ ಒಂದು ಕಣ್ಣಲ್ಲಿ ನೋಡಿ. ಎರಡು ಪಟ್ಟಿಗಳ ಮೇಲಂಚು ಒಂದೇ ಗೆರೆಯಾಗಿ ಕಂಡರೆ ಸರಿ. ಒಂದು ಮೂಲೆ ಎದ್ದು ಕಂಡರೆ ಆ ಮೂಲೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ ಹತ್ತರಿ ಹೊಡೆಯಿರಿ. ಮೊದಮೊದಲು ಇದನ್ನು ನಾನು ನಂಬಿರಲಿಲ್ಲ. ಎರಡು ಕಡ್ಡಿ ನಿಲ್ಲಿಸಿ ಕಣ್ಣು ಕಿರಿದು ಮಾಡಿ ನೋಡುವುದೂ ಒಂದು ಅಳತೆಯೇ ಎಂದು ನಕ್ಕಿದ್ದೆ. ಅರ್ಧ ಮಿಲಿಮೀಟರ್ ತಿರುಚನ್ನೂ ಅದು ತೋರಿಸಿಕೊಡುತ್ತದೆ.

400 ಎತ್ತರಕ್ಕೆ ಒಂದೇ ಹಲಗೆ ಸಿಗುವುದು ಅಪರೂಪ, ಎರಡನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸಬೇಕು. ಅದಕ್ಕೊಂದು ಉಪಾಯವಿದೆ. ಎರಡನ್ನೂ ಪುಸ್ತಕ ಮುಚ್ಚಿದಂತೆ ಮುಖಕ್ಕೆ ಮುಖ ಸೇರಿಸಿ ವೈಸಿನಲ್ಲಿ ಕಚ್ಚಿಸಿ, ಎರಡರ ಅಂಚಿಗೂ ಒಟ್ಟಿಗೆ ಉದ್ದ ಹತ್ತರಿ ಹೊಡೆಯಿರಿ. ನಿಮ್ಮ ಕೈ ಒಂದು ಡಿಗ್ರಿ ವಾಲಿದರೂ ಪುಸ್ತಕ ತೆರೆದಾಗ ಒಂದರ ವಾಲು ಇನ್ನೊಂದರ ವಾಲನ್ನು ನುಂಗಿಬಿಡುತ್ತದೆ, ಹಲಗೆ ಚಪ್ಪಟೆಯಾಗಿಯೇ ಕೂರುತ್ತದೆ.

ಅಂಟಿಸಿದ ಹಲಗೆಗಳನ್ನು ಮತ್ತೊಮ್ಮೆ ಮಟ್ಟ ಮಾಡಿ ಸರಿಯಾದ ಉದ್ದಕ್ಕೆ ಕತ್ತರಿಸಿ. ಇಲ್ಲಿ ಲೇತ್ ಬುದ್ಧಿಯನ್ನು ಬದಿಗಿಡಬೇಕು. ಹಲಗೆ 880ರ ಬದಲು 878 ಆದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಮುಂದಿನದು 878 ಆದರೆ ಹಿಂದಿನದೂ 878 ಆಗಿರಲೇಬೇಕು. ಎದುರುಬದುರಿನ ಜೋಡಿ ಸಮ ಇಲ್ಲದಿದ್ದರೆ ಪೆಟ್ಟಿಗೆ ಚೌಕವಾಗುವುದೇ ಇಲ್ಲ. ಎರಡನ್ನೂ ಒತ್ತಿ ಹಿಡಿದು ತುದಿಗೆ ಬೆರಳು ಆಡಿಸಿ, ಬೆರಳಿಗೆ ತಿಳಿಯುತ್ತದೆ.

ಈಗ ಮೂಲೆಗಳು. ಡವ್‌ಟೇಲ್ ಜೋಡಣೆಗೆ ಹೆದರುವವರೇ ಹೆಚ್ಚು, ನಾನೂ ಹೆದರಿದ್ದೆ. ಒಂದು ಹಲಗೆಯ ತುದಿಯಲ್ಲಿ ಹಕ್ಕಿಯ ಬಾಲದಂತೆ ಅಗಲವಾಗುವ ಹಲ್ಲುಗಳು, ಇನ್ನೊಂದರಲ್ಲಿ ಅವು ಕೂರುವ ಸಂದುಗಳ ನಡುವಿನ ಪಿನ್ನುಗಳು. ಬಾಲಗಳನ್ನು ಉದ್ದ ಹಲಗೆಗಳಲ್ಲೇ ಕತ್ತರಿಸಿ. ಪೆಟ್ಟಿಗೆಯ ಹಿಡಿಗಳು ಗಿಡ್ಡ ಬದಿಗಳಲ್ಲಿರುತ್ತವೆ. ಒಂದು ಹಿಡಿಯನ್ನು ಹಿಡಿದು ಪೆಟ್ಟಿಗೆಯನ್ನು ಎಳೆದಾಗ ಆ ಬದಿ ಕಿತ್ತು ಬರದಂತೆ ಬಾಲಗಳೇ ತಡೆಯುತ್ತವೆ. ಇಳಿಜಾರು ಆರಕ್ಕೆ ಒಂದು. ಅಂದರೆ ಆರು ಸೆಂಟಿಮೀಟರ್ ಉದ್ದಕ್ಕೆ ಒಂದು ಸೆಂಟಿಮೀಟರ್ ಓರೆ. 400 ಎತ್ತರಕ್ಕೆ ಆರು ಬಾಲ ಹಾಕಿದೆ.

ಗೇಜನ್ನು ಹಲಗೆಯ ದಪ್ಪಕ್ಕೆ, ಕೂದಲೆಳೆಯಷ್ಟು ಹೆಚ್ಚಾಗಿ ಹೊಂದಿಸಿ, ಬುಡದ ಗೆರೆ ಎಳೆಯಿರಿ. ಮುಂದಿನ ಮತ್ತು ಹಿಂದಿನ ಹಲಗೆಗಳನ್ನು ಒಟ್ಟಿಗೆ ವೈಸಿಗೆ ಹಾಕಿ ಬಾಲಗಳನ್ನು ಒಮ್ಮೆಲೇ ಕೊಯ್ಯಿರಿ. ಓರೆಯ ಗೆರೆಯಿಂದ ಗರಗಸ ಸ್ವಲ್ಪ ಸರಿದರೂ ನಡೆಯುತ್ತದೆ, ಏಕೆಂದರೆ ಪಿನ್ನುಗಳನ್ನು ಗುರುತು ಮಾಡುವುದು ಇದೇ ಬಾಲಗಳನ್ನು ಇಟ್ಟು. ಆದರೆ ಹಲಗೆಯ ದಪ್ಪಕ್ಕೆ ಅಡ್ಡಲಾಗಿ ಕೊಯ್ತ ನೂರಕ್ಕೆ ನೂರು ನೇರವಾಗಿರಬೇಕು. ಮುಂದೆ ಸರಿ, ಹಿಂದೆ ವಾಲಿದೆ ಎಂದರೆ ಜೋಡಣೆ ಕೂರುವುದಿಲ್ಲ.

ಸಂದಿನ ಮರವನ್ನು ಉಳಿಯಿಂದ ತೆಗೆಯುವಾಗ ನಾನು ಹತ್ತಾರು ಬಾರಿ ಎಡವಿದ್ದೇನೆ. ಉಳಿಯನ್ನು ನೇರ ಬುಡದ ಗೆರೆಯ ಮೇಲಿಟ್ಟು ಕೊಡತಿಯಿಂದ ಹೊಡೆದರೆ ಅದು ಗೆರೆ ದಾಟಿ ಹಿಂದಕ್ಕೆ ಸರಿಯುತ್ತದೆ. ಉಳಿ ಎಂದರೆ ಒಂದು ಬೆಣೆ. ಅದರ ಒಂದು ಬದಿ ಚಪ್ಪಟೆ, ಇನ್ನೊಂದು ಓರೆ. ಓರೆಯ ಕಡೆ ಮರ ತುಂಬಿಕೊಂಡಿದ್ದರೆ ಅದು ಉಳಿಯನ್ನು ಚಪ್ಪಟೆ ಬದಿಯ ಕಡೆಗೆ ತಳ್ಳುತ್ತದೆ. ಆದ್ದರಿಂದ ಮೊದಲು ಗೆರೆಯಿಂದ ಎರಡು ಮೂರು ಮಿಲಿಮೀಟರ್ ಮುಂದೆ ಉಳಿಯಿಟ್ಟು ಅರ್ಧ ದಪ್ಪದವರೆಗೆ ಮರ ತೆಗೆಯಿರಿ. ಹಲಗೆ ಮಗುಚಿ ಇನ್ನೊಂದು ಕಡೆಯಿಂದಲೂ ಹಾಗೆಯೇ ಮಾಡಿ. ಎದುರಿನ ಮರ ಖಾಲಿಯಾದ ಮೇಲೆ ಕೊನೆಗೆ ಗೆರೆಯ ಮೇಲೆಯೇ ಉಳಿ ಇಟ್ಟು, ಕೈಯ ಒತ್ತಡದಿಂದ ತೆಳ್ಳಗೆ ಕೆತ್ತಿ. ಈಗ ಹೋಗಬೇಕಾದ ಮರ ತೆಳುವಾಗಿರುವುದರಿಂದ ಉಳಿ ನಿಂತಲ್ಲೇ ನಿಲ್ಲುತ್ತದೆ.

ಬಾಲದ ಹಲಗೆಯನ್ನು ಗಿಡ್ಡ ಹಲಗೆಯ ತುದಿಯ ಮೇಲಿಟ್ಟು ಚೂರಿಯಿಂದ ಗುರುತು ಎಳೆಯಿರಿ, ಪೆನ್ಸಿಲ್ ಬೇಡ. ಎಳೆದ ಕೂಡಲೇ ತೆಗೆದುಹಾಕಬೇಕಾದ ಮರದ ಮೇಲೆಲ್ಲ ದೊಡ್ಡದಾಗಿ ತಪ್ಪು ಗುರುತು (×) ಹಾಕಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ಗುರುತು ಹಾಕದೆ ಕೊಯ್ದು, ಪಿನ್ನುಗಳನ್ನೇ ತೆಗೆದು ಸಂದುಗಳನ್ನು ಉಳಿಸಿಕೊಂಡಿದ್ದೆ. ಕೆಲಸವೇನೋ ನಿಖರವಾಗಿತ್ತು! ಕೊಯ್ಯುವಾಗ ಗರಗಸ ಗೆರೆಯ ಆಚೆ, ತಪ್ಪು ಗುರುತಿನ ಕಡೆಗೇ ಇರಲಿ, ಚೂರಿಯ ಗೆರೆ ಅರ್ಧ ಕಾಣುತ್ತಾ ಉಳಿಯಲಿ. ಪದೇ ಪದೇ ಜೋಡಿಸಿ ಬಿಡಿಸಿ ನೋಡಬೇಡಿ, ಮೆತು ಮರ ಪ್ರತಿ ಸಲವೂ ನಲುಗಿ ಸಡಿಲವಾಗುತ್ತದೆ. ಎಲ್ಲಾದರೂ ಸಂದು ಉಳಿದರೆ ಅದೇ ಮರದ ತೆಳು ಚೂರನ್ನು ಅಂಟು ಹಚ್ಚಿ ತೂರಿಸಿ, ಒಣಗಿದ ಮೇಲೆ ಹತ್ತರಿ ಹೊಡೆಯಿರಿ. ನನ್ನ ಪೆಟ್ಟಿಗೆಯಲ್ಲಿ ಇಂಥವು ಐದಿವೆ. ಎಲ್ಲಿವೆ ಎಂದು ನಾನಾಗಿ ತೋರಿಸುವುದಿಲ್ಲ.

ಅಂಟು ಹಾಕುವ ದಿನ ಇನ್ನೊಬ್ಬರು ಜೊತೆಗಿರಲಿ. ನಾಲ್ಕು ಮೂಲೆ, ಇಪ್ಪತ್ತನಾಲ್ಕು ಬಾಲ. ಬಿಳಿ ಅಂಟು ಹತ್ತು ನಿಮಿಷದೊಳಗೆ ಬಿಗಿಯತೊಡಗುತ್ತದೆ. ಕ್ಲ್ಯಾಂಪುಗಳನ್ನು ತೆರೆದು ಸಾಲಾಗಿ ಇಟ್ಟುಕೊಂಡು, ಅಂಟಿಲ್ಲದೆ ಒಮ್ಮೆ ಕೈ ಓಡಿಸಿ ನೋಡಿಕೊಂಡಿದ್ದೆ. ಆದರೂ ಮಗಳು ಪಕ್ಕದಲ್ಲಿ ನಿಂತು "ಅಪ್ಪಾ, ಏಳು ನಿಮಿಷ ಆಯಿತು" ಎಂದಾಗ ಕೊನೆಯ ಮೂಲೆ ಇನ್ನೂ ಬೆರಳಿನಷ್ಟು ಹೊರಗಿತ್ತು. ಅಡ್ಡ ಮರದ ತುಂಡಿಟ್ಟು ಹೊಡೆದು ಕೂರಿಸಿದೆ. ಅಂಟು ಹಸಿಯಿರುವಾಗಲೇ ಎರಡು ಕರ್ಣಗಳನ್ನೂ ಅಳೆಯಿರಿ. ಎರಡೂ ಸಮವಿದ್ದರೆ ಪೆಟ್ಟಿಗೆ ಚೌಕ. ಇಲ್ಲದಿದ್ದರೆ ಉದ್ದವಿರುವ ಕರ್ಣದ ಮೇಲೆ ಕ್ಲ್ಯಾಂಪ್ ಹಾಕಿ ಮೆಲ್ಲಗೆ ಎಳೆಯಿರಿ.

ತಳ ಸುಲಭ. ಸುಮಾರು 100 ಅಗಲದ ಹಲಗೆಗಳನ್ನು ಮುಂದಿನಿಂದ ಹಿಂದಕ್ಕೆ ನಾರು ಬರುವಂತೆ ಅಡ್ಡಡ್ಡ ಜೋಡಿಸಿ, ಪ್ರತಿ ಹಲಗೆಯ ನಡುವೆ ಒಂದೂವರೆ ಮಿಲಿಮೀಟರ್ ಸಂದು ಬಿಟ್ಟು ಮೊಳೆ ಹೊಡೆಯಿರಿ, ಅಂಟು ಬೇಡ. ಧೂಳು ಬರದಂತೆ ಅಂಚುಗಳು ಒಂದರ ಮೇಲೊಂದು ಕೂರುವ ಹಾಗೆ ಮೆಟ್ಟಿಲಿನಂಥ ಕಚ್ಚು ತೆಗೆದರೆ ಒಳ್ಳೆಯದು. ಕೆಳಗೆ ಎರಡು ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿ. ನೆಲದ ತೇವಕ್ಕೆ ಕೊಳೆಯುವುದು ಅವೇ, ಬದಲಿಸಿದರೆ ಮುಗಿಯಿತು. ಬುಡದ ಸುತ್ತ 90 ಎತ್ತರದ ಪಟ್ಟಿ, ಮೇಲಂಚಿನಿಂದ ಸ್ವಲ್ಪ ಕೆಳಗೆ ಇನ್ನೊಂದು ಸಣ್ಣ ಪಟ್ಟಿ. ಮುಚ್ಚಳದ ಅಂಚು ಬಂದು ಕೂರುವುದು ಈ ಮೇಲಿನ ಪಟ್ಟಿಯ ಮೇಲೆ.

ಮುಚ್ಚಳದ ಬಗ್ಗೆ ಮಾತ್ರ ಅವಸರ ಬೇಡ. ಮೊದಲ ಪೆಟ್ಟಿಗೆಗೆ ಅಗಲವಾದ ಒಂದೇ ಹಲಗೆ ಅಂಟಿಸಿ, ಬಾಗದಿರಲಿ ಎಂದು ಕೆಳಗೆ ಎರಡು ಅಡ್ಡಪಟ್ಟಿಗಳಿಗೆ ಅಂಟು ಹಚ್ಚಿ ಸ್ಕ್ರೂ ಬಿಗಿದಿದ್ದೆ. ಎಷ್ಟು ಭದ್ರ ಎಂದು ಅದರ ಮೇಲೆ ನಿಂತೂ ತೋರಿಸಿದ್ದೆ. ಬೇಸಿಗೆಯ ಒಂದು ರಾತ್ರಿ 'ಟಪ್' ಎಂಬ ಸದ್ದಿಗೆ ಹೆಂಡತಿ ಎದ್ದು ಅಡುಗೆಮನೆಯಲ್ಲಿ ಪಾತ್ರೆ ಹುಡುಕಿದಳು. ಬೆಳಿಗ್ಗೆ ನೋಡಿದರೆ ಮುಚ್ಚಳದ ನಡುವೆ ಈ ತುದಿಯಿಂದ ಆ ತುದಿಯವರೆಗೆ ಬಿರುಕು. ವರ್ನಿಯರ್ ಇಟ್ಟು ಅಳೆದೆ: 3.2 ಮಿಲಿಮೀಟರ್. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಅಗಲಕ್ಕೆ ಮಾತ್ರ ತೇವ ಬಂದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. 450 ಅಗಲದ ಹಲಗೆ ವರ್ಷದೊಳಗೆ ನಾಲ್ಕೈದು ಮಿಲಿಮೀಟರ್ ಹೋಗಿಬಂದು ಮಾಡಬಲ್ಲದು. ನಾನು ಅಡ್ಡಪಟ್ಟಿ ಬಿಗಿದು ಅದರ ದಾರಿ ಕಟ್ಟಿದ್ದೆ, ಅದು ಒಡೆದು ದಾರಿ ಮಾಡಿಕೊಂಡಿತು.

ಆದ್ದರಿಂದ ಮುಚ್ಚಳಕ್ಕೆ ಚೌಕಟ್ಟು ಕಟ್ಟಿ, ಹಲಗೆಯನ್ನು ಅದರೊಳಗೆ ಸಡಿಲವಾಗಿ ಬಿಡಬೇಕು. ಚೌಕಟ್ಟಿನ ಪಟ್ಟಿಗಳು 70 ಅಗಲ. ಮೂಲೆಗಳಲ್ಲಿ ಒಂದರ ತುದಿಯ ನಾಲಿಗೆ ಇನ್ನೊಂದರ ತೂತಿಗೆ ಇಳಿಯುವ ಜೋಡಣೆ, ಮಾರ್ಟಿಸ್-ಟೆನನ್ ಎನ್ನುತ್ತಾರಲ್ಲ, ಅದು. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಭಾಗಕ್ಕೆ ಹತ್ತಿರವಿರಲಿ. ಆದರೆ ನಿಮ್ಮಲ್ಲಿರುವ ಉಳಿಯ ಅಗಲವೇ ಅಂತಿಮ. ನನ್ನ ಉಳಿ 8 ಮಿಲಿಮೀಟರ್, ನಾಲಿಗೆಯೂ 8. ಒಳಂಚಿಗೆ ಸುತ್ತಲೂ 10 ಆಳದ ತೋಡು ಹೊಡೆದು, ಹಲಗೆಯ ಅಂಚುಗಳನ್ನು ತೆಳ್ಳಗೆ ಮಾಡಿ ಅದರೊಳಗೆ ಕೂರಿಸಿ. ಉದ್ದದ ಅಂಚುಗಳು 7 ಮಿಲಿಮೀಟರ್ ಮಾತ್ರ ಒಳಗಿರಲಿ, ಉಳಿದ 3 ಹಿಗ್ಗಲು ಜಾಗ. ಮಳೆಗಾಲದಲ್ಲಿ ಕಟ್ಟುತ್ತಿದ್ದರೆ ಮರ ಆಗಲೇ ಹಿಗ್ಗಿರುತ್ತದೆ, ಜಾಗ ಕಡಿಮೆ ಸಾಕು. ಅಂಟು ಚೌಕಟ್ಟಿನ ಮೂಲೆಗಳಿಗೆ ಮಾತ್ರ, ತೋಡಿನೊಳಗೆ ಒಂದು ಹನಿಯೂ ಇಳಿಯಬಾರದು. ಕೊನೆಗೆ ಮುಚ್ಚಳದ ಮುಂದೆ ಮತ್ತು ಎರಡು ಬದಿಗೆ ಕೆಳಗಿಳಿಯುವ ಪಟ್ಟಿ ಕೂರಿಸಿ. ಧೂಳನ್ನು ಅದೇ ತಡೆಯುತ್ತದೆ.

ಮೂರು ಹಿಂಜುಗಳು ಬೇಕು. ಹಿತ್ತಾಳೆಯ ಸ್ಕ್ರೂ ಹಾಕುವುದಾದರೆ ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಮೊದಲು ಹಾಕಿ ತೆಗೆಯಿರಿ, ಇಲ್ಲದಿದ್ದರೆ ಹಿತ್ತಾಳೆಯ ತಲೆ ಅರ್ಧದಲ್ಲೇ ಮುರಿಯುತ್ತದೆ. ಮುಚ್ಚಳ ನೆಟ್ಟಗೆ ನಿಂತು ಇನ್ನೂ ತುಸು ಹಿಂದಕ್ಕೆ ವಾಲುವಷ್ಟು ಉದ್ದದ ಸರಪಳಿ ಹಾಕಿ. ನೆಟ್ಟಗೆ ನಿಂತ ಮುಚ್ಚಳವನ್ನು ನಂಬಬಾರದು, ಬೆರಳಿನ ಮೇಲೆ ಬೀಳುತ್ತದೆ.

ಒಳಗೆ ಎರಡು ಜಾರುವ ತಟ್ಟೆಗಳಿವೆ. ಪೆಟ್ಟಿಗೆಯ ಅಗಲದ ಅರ್ಧಕ್ಕಿಂತ ಕಡಿಮೆ, 190 ಅಗಲ ಇದ್ದರೆ ಹಿಂದೆ ಮುಂದೆ ಸರಿಸಿ ತಳದ ಹತ್ತರಿ ಎತ್ತಿಕೊಳ್ಳಬಹುದು. ಮೇಲಿನ ತಟ್ಟೆ 60 ಎತ್ತರ, 838 ಉದ್ದ; ಬದಿಗಳಿಗೆ ಬಿಗಿದ 10 ದಪ್ಪದ ಗಟ್ಟಿಮರದ ಪಟ್ಟಿಗಳ ಮೇಲೆ ಜಾರುತ್ತದೆ. ಕೆಳಗಿನದು 90 ಎತ್ತರ. ಅದನ್ನು ಮೇಲಿನ ಪಟ್ಟಿಗಳ ನಡುವಿನಿಂದಲೇ ಎತ್ತಬೇಕಾದ್ದರಿಂದ ಉದ್ದ 818, ಅದರ ಪಟ್ಟಿಗಳ ದಪ್ಪ 20. ಈ ಲೆಕ್ಕವನ್ನು ನಾನು ಈ ಸಲ ಕಾಗದದ ಮೇಲೆ ಮೂರು ಬಾರಿ ಮಾಡಿದೆ.

ಹೊರಗೆ ಬಣ್ಣ ಬಳಿಯಿರಿ, ಒಳಗೆ ಏನೂ ಬೇಡ. ಮುಚ್ಚಿದ ಪೆಟ್ಟಿಗೆಯಲ್ಲಿ ಎಣ್ಣೆ ಸರಿಯಾಗಿ ಒಣಗುವುದಿಲ್ಲ, ಅಂಟಂಟಾಗಿ ವಾಸನೆ ಹಿಡಿಯುತ್ತದೆ. ಹೊರಗೆ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ಒಣಗುತ್ತಾ ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುವುದುಂಟು. ಬಯಲಿನಲ್ಲಿ ಹರಡಿ ಒಣಗಲು ಬಿಡಿ.

ತುಂಬುವ ಕ್ರಮ ನಿಮ್ಮ ಕೈಗೆ ಬಿಟ್ಟದ್ದು. ನನ್ನಲ್ಲಿ ಹತ್ತರಿಗಳು ತಳದಲ್ಲಿ, ಗರಗಸಗಳು ಮುಂದಿನ ಗೋಡೆಯ ಬಳಿ ಕಚ್ಚು ತೆಗೆದ ಎರಡು ಮರದ ತುಂಡುಗಳ ನಡುವೆ, ಉಳಿಗಳು ಕ್ಯಾನ್ವಾಸಿನ ಸುರುಳಿಯಲ್ಲಿ ಕೆಳಗಿನ ತಟ್ಟೆಯಲ್ಲಿ. ಗೇಜು, ಚೂರಿ, ಮೂಲೆಮಟ್ಟ ಮೇಲಿನ ತಟ್ಟೆಯಲ್ಲಿ. ವರ್ನಿಯರೂ ಅಲ್ಲೇ ಮೂಲೆಯಲ್ಲಿದೆ, ಬೈರಿಗೆಯ ಮೊನೆಗಳ ದಪ್ಪ ನೋಡಲು ಬೇಕಾಗುತ್ತದೆ.