ಬೆಂಕಿಯೊಂದನ್ನೇ ಬಲ್ಲ ಮಾಂತ್ರಿಕನ ಲೆಕ್ಕ

ಗೆಳೆಯರಿಬ್ಬರೊಡನೆ ಬಿಡುವಿನ ವೇಳೆಯಲ್ಲಿ ನಾನು ನಡೆಸುತ್ತಿದ್ದ ಚಿಕ್ಕ ಆನ್‌ಲೈನ್ ರೋಲ್‌ಪ್ಲೇಯಿಂಗ್ ಗೇಮ್‌ನಲ್ಲಿ ಒಂದೊಂದೇ ಎಲಿಮೆಂಟ್‌ಗೆ ಕಟ್ಟುಬಿದ್ದ ನಾಲ್ಕು ಕ್ಲಾಸ್‌ಗಳು, ಅಂದರೆ ಆಟಗಾರ ಆರಿಸಿಕೊಳ್ಳುವ ಪಾತ್ರದ ಬಗೆಗಳು, ಇದ್ದವು: ಅಗ್ನಿ, ಜಲ, ವಾಯು, ಪೃಥ್ವಿ. (ಆಕಾಶಕ್ಕೆ ಯಾವ ಶಕ್ತಿ ಕೊಡಬೇಕೆಂಬುದು ನಮಗೆ ಕೊನೆಯವರೆಗೂ ಹೊಳೆಯಲಿಲ್ಲ.) ಇವರಲ್ಲದೆ ನಾಲ್ಕೂ ಬಗೆಯ ಮಂತ್ರಗಳನ್ನು ಬಲ್ಲ ಸಾಮಾನ್ಯ ಮಾಂತ್ರಿಕನೂ ಇದ್ದ. ಅಗ್ನಿಮಾಂತ್ರಿಕನನ್ನು ಆರಿಸಿಕೊಂಡವರಲ್ಲಿ ಹೆಚ್ಚಿನವರು ಅವನು ದುರ್ಬಲನೆಂದು ದೂರಿ ಇಪ್ಪತ್ತನೆಯ ಲೆವೆಲ್ ತಲುಪುವ ಮೊದಲೇ ಅವನನ್ನು ಕೈಬಿಡುತ್ತಿದ್ದರು.

ನಮ್ಮ ಕೋಷ್ಟಕ ಸರಳವಾಗಿತ್ತು. ತನ್ನದೇ ಎಲಿಮೆಂಟ್‌ನ ಶತ್ರುವಿಗೆ ಶೇ. 25ರಷ್ಟು ಡ್ಯಾಮೇಜ್ (ಹೊಡೆತದ ಪೆಟ್ಟು), ಆ ಎಲಿಮೆಂಟ್‌ಗೆ ದುರ್ಬಲನಾದ ಶತ್ರುವಿಗೆ ಶೇ. 150, ಉಳಿದ ಇಬ್ಬರಿಗೆ ಶೇ. 100. ಇವುಗಳ ಸರಾಸರಿ ಸುಮಾರು 94. ಸಾಮಾನ್ಯ ಮಾಂತ್ರಿಕನಾದರೋ ಪ್ರತಿ ಶತ್ರುವಿಗೂ ತಕ್ಕ ಮಂತ್ರವನ್ನು ಆರಿಸಿಕೊಂಡು ಸದಾ 150 ಪಡೆಯುತ್ತಾನೆ. ಹಾಗಿದ್ದರೆ ಅಗ್ನಿಯವನ ಶಕ್ತಿಯನ್ನು ಶೇ. 60ರಷ್ಟು ಹೆಚ್ಚಿಸಿದರೆ ತಕ್ಕಡಿ ಸಮವಾಗುತ್ತದೆ ಎಂದುಕೊಂಡು ಹಾಗೆಯೇ ಮಾಡಿದೆವು. ದೂರುಗಳು ಮಾತ್ರ ನಿಲ್ಲಲಿಲ್ಲ.

ನಾನು ಸರಾಸರಿ ತೆಗೆಯಬೇಕಾಗಿದ್ದುದು ಡ್ಯಾಮೇಜಿನದ್ದಲ್ಲ, ಕೊಲ್ಲಲು ಹಿಡಿಯುವ ಸಮಯದ್ದು. 1000 ಪ್ರಾಣಾಂಕಗಳಿರುವ ನಾಲ್ಕು ಬಗೆಯ ನಾಲ್ಕು ಶತ್ರುಗಳನ್ನು ಸೆಕೆಂಡಿಗೆ 100ರ ವೇಗದಲ್ಲಿ ಹೊಡೆದರೆ ಅಗ್ನಿಮಾಂತ್ರಿಕನಿಗೆ 40, 6.7, 10, 10 ಸೆಕೆಂಡುಗಳಂತೆ ಒಟ್ಟು ಸುಮಾರು 67 ಸೆಕೆಂಡು ಬೇಕು. ಸಾಮಾನ್ಯನಿಗೆ 27 ಸಾಕು. ಅಂತರ ಒಂದೂವರೆ ಪಟ್ಟಲ್ಲ, ಎರಡೂವರೆ ಪಟ್ಟು. ಆ ಒಬ್ಬ ಬೆಂಕಿಯ ಶತ್ರುವೇ ಇಡೀ ಸಂಜೆಯನ್ನು ನುಂಗುತ್ತಿದ್ದ. ಶಕ್ತಿಯನ್ನೇ ಎರಡೂವರೆ ಪಟ್ಟು ಮಾಡಿದರೆ ಒಟ್ಟು ಸಮಯ ಸಮವಾಗುತ್ತದೆ ನಿಜ. ಆದರೆ ಬೆಂಕಿಗೆ ದುರ್ಬಲವಾದ ಬಾಸ್ (ದೊಡ್ಡ ಶತ್ರು) ಎದುರಾದಾಗ ಅಗ್ನಿಯವನೊಬ್ಬನೇ ಸೆಕೆಂಡಿಗೆ 375 ಹೊಡೆಯುತ್ತಿದ್ದರೆ ಪಾರ್ಟಿಯ, ಅಂದರೆ ಜೊತೆಗೂಡಿ ಆಡುವ ತಂಡದ, ಉಳಿದವರು ಕೈಕಟ್ಟಿ ನೋಡುತ್ತ ನಿಲ್ಲಬೇಕಾಗುತ್ತದೆ.

ಇನ್ನು, ಶತ್ರುಗಳು ಕೋಷ್ಟಕದಲ್ಲಿರುವಂತೆ ಸಮಪ್ರಮಾಣದಲ್ಲಿ ಎದುರಾಗುವುದಿಲ್ಲ. ಜ್ವಾಲಾಮುಖಿಯ ಗುಹೆ ಎಂದಮೇಲೆ ಅಲ್ಲಿರುವುದೆಲ್ಲ ಬೆಂಕಿಯದ್ದೇ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಗೇಮ್‌ನ 40 ಮಂದಿಯ ಮೋಲ್ಟನ್ ಕೋರ್ ದಾಳಿಯಲ್ಲಿ ಅಲ್ಲಿನ ಬಾಸ್ ರಗ್ನರೋಸ್‌ಗೆ ಬೆಂಕಿ ತಾಕುತ್ತಲೇ ಇರಲಿಲ್ಲವಾದ್ದರಿಂದ ಮಾಂತ್ರಿಕರು ಹಿಮದ ಮಂತ್ರಗಳನ್ನೇ ನೆಚ್ಚಿಕೊಳ್ಳಬೇಕಾಗಿತ್ತು. ಅವರಿಗಾದರೆ ಹೆಚ್ಚೆಂದರೆ 50 ಚಿನ್ನದ ನಾಣ್ಯ ತೆತ್ತು ಟ್ಯಾಲೆಂಟ್‌ಗಳನ್ನು (ಆರಿಸಿಕೊಂಡ ಕೌಶಲಗಳನ್ನು) ಬದಲಿಸಿಕೊಳ್ಳುವ ದಾರಿಯಿತ್ತು. ರಾಗ್ನರಾಕ್ ಆನ್‌ಲೈನ್ ಎಂಬ ಇನ್ನೊಂದು ಗೇಮ್‌ನ ಬಿಲ್ಲುಗಾರನಿಗಂತೂ ಬೇರೆ ಎಲಿಮೆಂಟ್‌ನ ಬಾಣಕ್ಕೆ ಬದಲಿಸಿದರೆ ಸಾಕು. ನಮ್ಮ ಅಗ್ನಿಮಾಂತ್ರಿಕನಿಗೆ ಇವೆರಡೂ ಇರಲಿಲ್ಲ. ನಿರ್ಬಂಧವೇ ಅವನ ಗುರುತಾಗಿದ್ದರಿಂದ ಅದನ್ನು ಸಡಿಲಿಸಲು ನನಗೂ ಮನಸ್ಸಿರಲಿಲ್ಲ.

ಕೊನೆಗೆ ಶೇ. 25ರ ತಳಮಟ್ಟವನ್ನು ಶೇ. 60ಕ್ಕೆ ಏರಿಸಿ, ಹೆಚ್ಚುವರಿ ಶಕ್ತಿಯನ್ನು ಶೇ. 25ಕ್ಕೆ ಇಳಿಸಿದೆವು. ಆ ನಾಲ್ಕು ಶತ್ರುಗಳ ಲೆಕ್ಕ ಈಗ ಸುಮಾರು 35 ಸೆಕೆಂಡಿಗೆ ಬಂದಿತು. ಉಳಿದ ಎಂಟು ಸೆಕೆಂಡುಗಳನ್ನು ತುಂಬಲು ‘ಕಾವು’ ಎಂಬ ಗುಣವನ್ನು ಸೇರಿಸಿದೆವು: ಒಂದೇ ಶತ್ರುವಿನ ಮೇಲೆ ಬೆಂಕಿ ಬಿದ್ದಷ್ಟೂ ಅದರ ಪ್ರತಿರೋಧ ಹಂತಹಂತವಾಗಿ ಕರಗುತ್ತದೆ, ಗುರಿ ಬದಲಿಸಿದೊಡನೆ ಕಾವು ಆರುತ್ತದೆ. ಮೊದಲ ವಾರವೇ ಇದು ಎಡವಿತು. ಕಾವಿನ ಎಣಿಕೆಯನ್ನು ನಾನು ಶತ್ರುವಿನ ಮೇಲೆ ಒಟ್ಟಾಗಿ ಇಟ್ಟಿದ್ದೆ. ಐವರು ಅಗ್ನಿಮಾಂತ್ರಿಕರು ಒಟ್ಟುಗೂಡಿ ಬಂದು, ಇಡೀ ಸರ್ವರ್ ಅಂಜುತ್ತಿದ್ದ ಬಾಸ್ ಅನ್ನು ಬೆಣ್ಣೆಯಂತೆ ಕರಗಿಸಿಬಿಟ್ಟರು. ಎಣಿಕೆಯನ್ನು ಹೊಡೆಯುವವರ ಲೆಕ್ಕಕ್ಕೆ ಬೇರೆಬೇರೆಯಾಗಿ ಹಂಚಿದ ಮೇಲೆ ಅದು ನಿಂತಿತು.

ನಿಜವಾಗಿ ಫಲ ಕೊಟ್ಟದ್ದು ಡ್ಯಾಮೇಜಿಗೆ ಸಂಬಂಧಿಸಿದ್ದೇ ಅಲ್ಲದ ಒಂದು ಬದಲಾವಣೆ. ಬೆಂಕಿಯ ಶತ್ರು ಹೊಡೆಯುವುದೂ ಬೆಂಕಿಯಿಂದಲೇ ತಾನೆ? ಹಾಗಾಗಿ ಅಗ್ನಿಮಾಂತ್ರಿಕನಿಗೆ ಆ ಹೊಡೆತ ಅರ್ಧ ಮಾತ್ರ ತಾಗುವಂತೆಯೂ, ಪಕ್ಕದಲ್ಲಿದ್ದವರ ಪಾಲಿನ ಉರಿಯನ್ನು ಅವನು ತನ್ನ ಮೇಲೆಳೆದುಕೊಳ್ಳಬಲ್ಲವನಾಗುವಂತೆಯೂ ಮಾಡಿದೆವು. ಕೊಲ್ಲಲು ಅತ್ಯಂತ ನಿಧಾನವಾಗಿದ್ದ ಜಾಗದಲ್ಲಿಯೇ ಅವನು ಪಾರ್ಟಿಗೆ ಬೇಕಾದವನಾದ. ಗುಹೆಗೆ ಹೊರಟವರು ಅವನನ್ನು ಹುಡುಕಿ ಕರೆದೊಯ್ಯತೊಡಗಿದರು.

ಆಟಗಾರರ ನಡುವಿನ ಕಾಳಗದಲ್ಲಿ ಮಾತ್ರ ನನಗೆ ಜಾಣ ಉಪಾಯವೇನೂ ಸಿಗಲಿಲ್ಲ. ಜಲದವನೆದುರು ಅಗ್ನಿಯವನು ಆರಂಭಕ್ಕೆ ಮೊದಲೇ ಸೋತಿರುತ್ತಿದ್ದ. ಅಖಾಡದೊಳಗೆ ಕೋಷ್ಟಕದ ಏರಿಳಿತವನ್ನು ಶೇ. 110 ಮತ್ತು 90ರ ನಡುವೆ ಕಟ್ಟಿಹಾಕಿದೆವು. ಜಲಮಾಂತ್ರಿಕರು ಒಂದು ತಿಂಗಳು ಮುನಿಸಿಕೊಂಡಿದ್ದರು.